ತಪ್ಪು ಒಪ್ಪಿಕೊಂಡರೆ ಶಿಕ್ಷೆ ಕಡಿಮೆ: ಎಲ್ಲಿಯವರೆಗೆ ಸರಿ?

ಪ್ರಶ್ನೆ

ಎರಡು ಕೇಸ್ ಓದಿದ ಮೇಲೆ ಇದು ತಲೆಯಿಂದ ಹೋಗುತ್ತಲೇ ಇಲ್ಲ. ಅಮೆರಿಕದ ಕೆಂಟಕಿಯಲ್ಲಿ ಒಬ್ಬ 88 ಡಾಲರ್ 30 ಸೆಂಟ್‌ನ ನಕಲಿ ಚೆಕ್ ಕೇಸಿನಲ್ಲಿ ಸಿಕ್ಕಿಬಿದ್ದ. ಅದಕ್ಕೆ 2ರಿಂದ 10 ವರ್ಷ ಶಿಕ್ಷೆ. ಪ್ರಾಸಿಕ್ಯೂಟರ್ ಹೇಳಿದ್ದಿಷ್ಟು: ಒಪ್ಪಿಕೊಂಡರೆ 5 ವರ್ಷ ಕೇಳುತ್ತೇನೆ, ಇಲ್ಲವಾದರೆ ನಿನ್ನ ಹಳೇ ಕೇಸುಗಳನ್ನು ಎಳೆದು ತಂದು ಜೀವಾವಧಿ ಬರುವ ಸೆಕ್ಷನ್ ಹಾಕುತ್ತೇನೆ. ಅವನು ಒಪ್ಪಲಿಲ್ಲ, ಜೀವಾವಧಿಯೇ ಆಯಿತು. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರಲ್ಲಿ ಇದನ್ನು ಎತ್ತಿಹಿಡಿಯಿತು.

ಇನ್ನೊಬ್ಬ ನ್ಯೂಯಾರ್ಕ್ ಮಾಫಿಯಾದ ಸ್ಯಾಮಿ ಗ್ರವಾನೊ. 19 ಕೊಲೆಗಳಲ್ಲಿ ತನ್ನ ಕೈಯಿದೆ ಎಂದು ಒಪ್ಪಿಕೊಂಡ. ತನ್ನ ಬಾಸ್ ಜಾನ್ ಗೊಟ್ಟಿ ವಿರುದ್ಧ ಸಾಕ್ಷಿ ಹೇಳಿದ. ಅವನಿಗೆ 5 ವರ್ಷ.

ಇದು ಯಾವ ಸೀಮೆ ನ್ಯಾಯ? ತಪ್ಪೇ ಮಾಡದವನು ಹೆದರಿ ಒಪ್ಪಿಕೊಂಡುಬಿಟ್ಟರೆ?

ಉತ್ತರ 1

ನಾನು ಕ್ರಿಮಿನಲ್ ವಕೀಲ. ನೀವು ಎರಡು ಬೇರೆ ಬೇರೆ ವಿಷಯ ಸೇರಿಸಿದ್ದೀರಿ. ತಪ್ಪೊಪ್ಪಿಗೆಗೆ ಸಿಗುವ ಕಡಿತ ಒಂದು, ಇನ್ನೊಬ್ಬರನ್ನು ಹಿಡಿಯಲು ನೆರವಾದದ್ದಕ್ಕೆ ಸಿಗುವ ಕಡಿತ ಇನ್ನೊಂದು.

ಮೊದಲನೆಯದನ್ನು ನಾನು ಮನಸಾರೆ ಒಪ್ಪುತ್ತೇನೆ. ಹಲ್ಲೆಗೊಳಗಾದ ಹೆಣ್ಣುಮಗಳು ಕಟಕಟೆಯಲ್ಲಿ ನಿಂತು, ಅಂದು ಯಾವ ಬಟ್ಟೆ ಹಾಕಿದ್ದೆ, ಯಾಕೆ ಕೂಗಲಿಲ್ಲ ಎಂಬ ಪಾಟೀ ಸವಾಲಿಗೆ ಉತ್ತರಿಸುವುದನ್ನು ನೋಡಿದ್ದೇನೆ. ಆರೋಪಿ ಮೊದಲೇ ಒಪ್ಪಿಕೊಂಡರೆ ಅದೆಲ್ಲ ತಪ್ಪುತ್ತದೆ.

ಆದರೆ ಕಡಿತಕ್ಕೆ ಮಿತಿ ಬೇಕು, ಅದು ಮೊದಲೇ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ 2017ರಿಂದ ಇರುವ ಮಾರ್ಗಸೂಚಿ ಹಾಗಿದೆ. ಮೊದಲ ಹಂತದಲ್ಲೇ ಒಪ್ಪಿಕೊಂಡರೆ ಮೂರನೇ ಒಂದು ಭಾಗ ಕಡಿತ, ಆಮೇಲೆ ಕಾಲು ಭಾಗ, ವಿಚಾರಣೆಯ ಮೊದಲ ದಿನಕ್ಕೆ ಹತ್ತನೇ ಒಂದು. 36 ತಿಂಗಳ ಶಿಕ್ಷೆ ಬೇಗ ಒಪ್ಪಿಕೊಂಡವನಿಗೆ 24 ತಿಂಗಳಾಗುತ್ತದೆ. ಕೆಂಟಕಿಯಲ್ಲಿ 5 ವರ್ಷ ಮತ್ತು ಜೀವಾವಧಿ ನಡುವಿನ ಅಂತರವನ್ನು ಕಡಿತ ಅನ್ನೋಕೆ ಆಗಲ್ಲ. ವಿಚಾರಣೆ ಕೇಳಿದ್ದಕ್ಕೇ ಹಾಕಿದ ದಂಡ ಅದು. ಅಷ್ಟು ದೊಡ್ಡ ಅಂತರ ಇದ್ದರೆ ನಿರಪರಾಧಿಯೂ ಒಪ್ಪಿಕೊಳ್ಳುತ್ತಾನೆ.

ಉತ್ತರ 2

ಹೆದರಿ ಒಪ್ಪಿಕೊಳ್ಳುವ ಬಗ್ಗೆ ಕೇಳಿದ್ದೀರಲ್ಲ, ಭಾರತದ ಪ್ಲೀ ಬಾರ್ಗೇನಿಂಗ್‌ನಲ್ಲಿ (ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾಡಿಕೊಳ್ಳುವ ಒಪ್ಪಂದ) ಒಂದು ಒಳ್ಳೆ ಏರ್ಪಾಡಿದೆ. ಅರ್ಜಿ ಬಂದ ಮೇಲೆ ನ್ಯಾಯಾಧೀಶರು ಆರೋಪಿಯನ್ನು ಮುಚ್ಚಿದ ಕೋಣೆಯಲ್ಲಿ ವಿಚಾರಿಸಬೇಕು, ಎದುರು ಪಕ್ಷದವರು ಅಲ್ಲಿರುವಂತಿಲ್ಲ. ತಾನಾಗಿ ಬಂದಿದ್ದಾನಾ, ಯಾರಾದರೂ ಒತ್ತಾಯಿಸಿದರಾ ಎಂದು ನೋಡಲಿಕ್ಕೇ ಇದು. 7 ವರ್ಷಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಿಗೆ, ಹೆಂಗಸರ ಮೇಲಿನ ಅಪರಾಧಗಳಿಗೆ ಈ ದಾರಿ ಇಲ್ಲ. ಈ ವ್ಯವಸ್ಥೆ ಬಂದದ್ದು 2006ರಲ್ಲಿ, ಈಗ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್‌ನಲ್ಲಿದೆ.

ಉತ್ತರ 3

ನನ್ನನ್ನು ಕಾಡುವುದು ಎರಡನೇ ಬಗೆಯದು. ಡೇವಿಡ್ ಹೆಡ್ಲಿಯನ್ನೇ ನೋಡಿ. ಮುಂಬೈ ದಾಳಿಗೆ ಜಾಗಗಳನ್ನು ನೋಡಿಕೊಂಡು ಹೋದವನು. ಅಮೆರಿಕದಲ್ಲಿ ತಪ್ಪು ಒಪ್ಪಿಕೊಂಡು ಸಹಕರಿಸಿದ್ದಕ್ಕೆ ಗಲ್ಲು ತಪ್ಪಿತು, ಭಾರತಕ್ಕೆ ಹಸ್ತಾಂತರವೂ ತಪ್ಪಿತು. 2013ರಲ್ಲಿ 35 ವರ್ಷ ಶಿಕ್ಷೆಯಾಯಿತು. ಹೊಟ್ಟೆ ಉರಿಯುತ್ತದೆ. ಆದರೂ 2016ರಲ್ಲಿ ಮಾಫಿ ಸಾಕ್ಷಿಯಾಗಿ ವಿಡಿಯೊ ಮೂಲಕ ಅವನು ಮುಂಬೈ ಕೋರ್ಟಿಗೆ ಹೇಳಿದ್ದನ್ನು ಹೊರಗಿನವರು ಯಾರೂ ಹೇಳಲು ಸಾಧ್ಯವಿರಲಿಲ್ಲ.

ನಿಜವಾದ ಅನ್ಯಾಯ ಕೆಳಗಿನವರಿಗೆ ಆಗುತ್ತದೆ. ಡ್ರಗ್ಸ್ ಸಾಗಿಸುವ ಹುಡುಗನಿಗೆ ಚೀಲ ಕೊಟ್ಟವನ ನಿಜವಾದ ಹೆಸರೂ ಗೊತ್ತಿರಲ್ಲ. ಹೇಳೋಕೆ ಅವನ ಹತ್ತಿರ ಏನೂ ಇಲ್ಲ. ಮೇಲಿನವನಿಗೆ ಎಲ್ಲ ಗೊತ್ತು, ಕಡಿತವೂ ಅವನಿಗೇ. ಅಮೆರಿಕದಲ್ಲಿ ಸಹಕಾರದ ಹೆಸರಲ್ಲಿ ಕಡ್ಡಾಯ ಕನಿಷ್ಠ ಶಿಕ್ಷೆಗಿಂತ ಕೆಳಗಿಳಿಯಬೇಕಾದರೆ ಪ್ರಾಸಿಕ್ಯೂಟರೇ ಕೇಳಿಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಬೇರೆ ಬೇರೆ ಮಾಡಿ ಹೇಳಿದ್ದು ಒಳ್ಳೆಯದಾಯಿತು. ಹಾಗಾದರೆ ಒಪ್ಪಿಕೊಳ್ಳದೇ ಇದ್ದಿದ್ದರೆ ಎಷ್ಟು ಶಿಕ್ಷೆ ಆಗುತ್ತಿತ್ತು ಎಂದು ನ್ಯಾಯಾಧೀಶರು ತೀರ್ಪಿನಲ್ಲೇ ಹೇಳುತ್ತಾರಾ?

ಉತ್ತರ 1

ಇಂಗ್ಲೆಂಡಿನ ಮಾರ್ಗಸೂಚಿ ಕಡಿತ ಎಷ್ಟು ಎಂದು ಹೇಳಬೇಕು ಅನ್ನುತ್ತದೆ. ಒಪ್ಪಿಕೊಳ್ಳದಿದ್ದರೆ ಆಗುತ್ತಿದ್ದ ಶಿಕ್ಷೆಯನ್ನೂ ಎಲ್ಲ ಕಡೆ ಹೇಳಲೇಬೇಕು ಎನ್ನುವುದು ನನ್ನ ವಾದ. ಎರಡೂ ಅಂಕಿ ಪಕ್ಕಪಕ್ಕ ಇದ್ದರೆ, ಕಡಿತ ಎಷ್ಟು, ಬೆದರಿಕೆ ಎಷ್ಟು ಎಂದು ಮೇಲಿನ ಕೋರ್ಟಿಗೆ ಕಾಣುತ್ತದೆ.