ಅಪ್‌ಡೇಟ್: ಮುಂಗಾರು ಏಪ್ರಿಲ್‌ನಲ್ಲೇ ಬಂದದ್ದಕ್ಕೆ ಕಾರಣ ಸಿಕ್ಕಿತು

ಯುಕೆಇಎಸ್‌ಎಂ1 ಎಂಬ ಬ್ರಿಟನ್ನಿನ ಹವಾಮಾನ ಮಾದರಿಯ (ಕಂಪ್ಯೂಟರ್ ಅನುಕರಣೆಯ) ದೈನಂದಿನ ದತ್ತಾಂಶದಲ್ಲಿ ಕರಾವಳಿ ಕರ್ನಾಟಕದ ಮುಂಗಾರು ಏಪ್ರಿಲ್ ಆರಂಭದಲ್ಲೇ ಶುರುವಾಗುತ್ತಿದೆ ಎಂದು ಹಿಂದೆ ಕೇಳಿದ್ದೆ. ಹಲವರು ಏಕಮಾನದ ಮೇಲೆ ಸಂಶಯಪಟ್ಟಿದ್ದರು. ಆದರೆ ಸೆಕೆಂಡಿನ ಲೆಕ್ಕದ ಮಳೆಯನ್ನು 86400ರಿಂದ ಗುಣಿಸಿ ದಿನಕ್ಕೆ ಇಷ್ಟು ಮಿಲಿಮೀಟರ್ ಎಂದು ಮೊದಲೇ ಪರಿವರ್ತಿಸಿದ್ದೆ.

ದೋಷವಿದ್ದದ್ದು ಕ್ಯಾಲೆಂಡರಿನಲ್ಲಿ. ಈ ಮಾದರಿಯಲ್ಲಿ ಪ್ರತಿ ತಿಂಗಳಿಗೂ 30 ದಿನ, ವರ್ಷಕ್ಕೆ 360 ದಿನ. ಫೈಲಿನ ಹೆಡರ್‌ನಲ್ಲಿ, ಅಂದರೆ ದತ್ತಾಂಶದ ವಿವರ ಕೊಡುವ ಆರಂಭದ ಭಾಗದಲ್ಲಿ, ಇದು ಸ್ಪಷ್ಟವಾಗಿಯೇ ಇತ್ತು, ನಾನು ಓದಿರಲಿಲ್ಲ. ಫೈಲಿನಲ್ಲಿ ದಿನಾಂಕದ ಬದಲು 1850ರ ಜನವರಿ 1ರಿಂದ ಎಣಿಸಿದ ದಿನಗಳ ಸಂಖ್ಯೆ ಇರುತ್ತದೆ; 54150.5 ಎಂಬ ಸಂಖ್ಯೆ ಅಲ್ಲಿ 2000ದ ಜೂನ್ 1ರ ಮಧ್ಯಾಹ್ನವನ್ನು ಸೂಚಿಸುತ್ತದೆ. ನನ್ನ ಸ್ಕ್ರಿಪ್ಟ್ ಅದನ್ನು ನಾವು ಬಳಸುವ ಕ್ಯಾಲೆಂಡರಿನಲ್ಲಿ ಎಣಿಸಿ 1998ರ ಏಪ್ರಿಲ್ 5 ಎಂದು ಬರೆಯುತ್ತಿತ್ತು. ವರ್ಷಕ್ಕೆ ಐದು ದಿನಕ್ಕಿಂತ ತುಸು ಹೆಚ್ಚಿನ ವ್ಯತ್ಯಾಸ ಒಂದೂವರೆ ಶತಮಾನದಲ್ಲಿ ಎರಡು ವರ್ಷವನ್ನೂ ಮೀರುವಷ್ಟು ಬೆಳೆದಿತ್ತು. ಇದರಿಂದ ವರ್ಷಗಳುದ್ದಕ್ಕೂ ಮಳೆ ಹೇಗೆ ಬದಲಾಗುತ್ತಿದೆ ಎಂಬ ನನ್ನ ಪ್ರವೃತ್ತಿ ವಿಶ್ಲೇಷಣೆಯೂ ಕೆಟ್ಟಿತ್ತು ಎಂಬುದು ನನಗೆ ಹೆಚ್ಚು ನೋವಿನ ಸಂಗತಿ.

ಈಗ ದಿನಾಂಕಗಳನ್ನು ಇಂಥ ಕ್ಯಾಲೆಂಡರುಗಳನ್ನು ಅರ್ಥಮಾಡಿಕೊಳ್ಳುವ ಸಿಎಫ್‌ಟೈಮ್ ಎಂಬ ಪೈಥಾನ್ ಲೈಬ್ರರಿಯ ಮೂಲಕ ಓದುತ್ತಿದ್ದೇನೆ. ಮಳೆಗಾಲ ಜೂನ್‌ಗೆ ಮರಳಿದೆ. ಫೆಬ್ರವರಿ 30 ಎಂಬ ದಿನವೂ ಇದರಲ್ಲಿರುವುದರಿಂದ, ಹವಾಮಾನ ಇಲಾಖೆಯ ವೀಕ್ಷಣೆಗಳೊಡನೆ ದಿನದಿಂದ ದಿನಕ್ಕೆ ಹೋಲಿಸದೆ, ತಿಂಗಳ ದೈನಂದಿನ ಸರಾಸರಿಯನ್ನಷ್ಟೇ ಹೋಲಿಸುತ್ತಿದ್ದೇನೆ. ಹೆಡರ್ ನೋಡಲು ಸೂಚಿಸಿದವರಿಗೆ ಹೃತ್ಪೂರ್ವಕ ಧನ್ಯವಾದಗಳು.