ಬೇಸಿಗೆಯೊಳಗೆ ಮನೆ ಮಾರಬೇಕು: ರಿಪೇರಿ ಎಲ್ಲಿಂದ ಶುರು ಮಾಡೋದು, ಎಷ್ಟಕ್ಕೆ ನಿಲ್ಲಿಸೋದು? (ಚಿಕ್ಕಮಗಳೂರು)

ಮಲ್ಲಂದೂರು_ರಸ್ತೆ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಟೌನ್ ಒಳಗೆ 30x40 ಸೈಟಲ್ಲಿ ತಂದೆ ಕಟ್ಟಿಸಿದ ಮನೆ, ಹತ್ತಿರ ಹತ್ತಿರ 30 ವರ್ಷ ಆಗಿದೆ. ಮುಂದೆ ಹಾಲ್, ಎರಡು ರೂಮು ಆರ್‌ಸಿಸಿ. ಹಿಂದೆ ಅಡುಗೆಮನೆ, ಬಚ್ಚಲು ಮಂಗಳೂರು ಹೆಂಚು. ಈಗ ಮಾರ್ಚ್ ಮೊದಲ ವಾರ. ಆಷಾಢ ಹಿಡಿಯೋದ್ರೊಳಗೆ ರಿಜಿಸ್ಟ್ರೇಷನ್ ಮುಗಿಬೇಕು ಅಂತ ಮನೇಲಿ ತೀರ್ಮಾನ ಆಗಿದೆ.

ಮನೆ ಸ್ಥಿತಿ ಹೀಗಿದೆ. ಹಾಲ್‌ನ ಉತ್ತರದ ಗೋಡೆ ನೆಲದಿಂದ ಎರಡೂವರೆ ಅಡಿ ತನಕ ಬಣ್ಣ ಉಬ್ಬಿ ಉದುರ್ತಿದೆ, ಕೈಯಾಡಿಸಿದ್ರೆ ಬಿಳಿ ಹುಡಿ ಬರುತ್ತೆ. ಒಂದು ರೂಮಿನ ತಾರಸಿ ಅಡಿ ಕಂದು ಕಲೆ. ಅಡುಗೆಮನೆ ಹಗಲಲ್ಲೂ ಲೈಟ್ ಹಾಕೋ ಹಾಗಿದೆ. ಹಾಲ್ ನೆಲ ರೆಡ್ ಆಕ್ಸೈಡ್, ಮಂಕಾಗಿದೆ, ಎರಡು ಕಡೆ ಬಿರುಕು. ಹಿಂಬಾಗಿಲ ಚೌಕಟ್ಟಿಗೆ ಗೆದ್ದಲು.

ಬ್ರೋಕರ್ ಹೇಳೋದು: "ಪುಟ್ಟಿ ಎಳೆದು ಬಣ್ಣ ಹೊಡೆಸಿ, ಹಾಲ್‌ಗೆ ವಿಟ್ರಿಫೈಡ್ ಟೈಲ್ಸ್ ಹಾಕ್ಸಿ, ಸಾಕು." ಖರ್ಚು 2 ಲಕ್ಷ ದಾಟಬಾರದು. ಇದು ಸರಿನಾ?

---

ಗಾರೆ_ಗೋಡೆ

ಬ್ರೋಕರ್ ಮಾತು ಬಿಡಿ. ಮಲೆನಾಡಿನ ಮಳೆ ನೋಡಿದ ಯಾರೇ ಮನೆ ನೋಡೋಕೆ ಬಂದ್ರೂ ಮೊದಲು ಮುಟ್ಟಿ ನೋಡೋದು ಗೋಡೆಯ ಕೆಳಗಿನ ಮೂರಡಿ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಕಂಡ್ರೆ ಅಲ್ಲೇ ಅನುಮಾನ ಶುರು. ನಿಮ್ಮ ಕೈಲಿರೋ ದೊಡ್ಡ ಆಸ್ತಿ ಅಂದ್ರೆ ಈ ಮೂರು ತಿಂಗಳ ಒಣಹವೆ. ನೀರಿನ ಕೆಲಸಕ್ಕೆ ಅದನ್ನ ಖರ್ಚು ಮಾಡಿ, ಅಂದಚೆಂದ ಆಮೇಲೆ.

ಮೊದಲು ಆ ಗೋಡೆಗೆ ನೀರು ಎಲ್ಲಿಂದ ಬರ್ತಿದೆ ಅಂತ ತಿಳ್ಕೊಳ್ಳಿ. ಉಬ್ಬಿದ ಪದರ ಕೆರೆದು, ಒಂದಡಿ ಚೌಕದ ಪಾಲಿಥಿನ್ ಹಾಳೆಯನ್ನ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. 24 ಗಂಟೆ ಬಿಟ್ಟು ನೋಡಿ. ಹಾಳೆಯ ಒಳಮೈ, ಅಂದ್ರೆ ಗೋಡೆ ಕಡೆ, ಬೆವರಿದ್ರೆ ತೇವ ಗೋಡೆಯೊಳಗೇ ಇದೆ. ಒಣಗಿದ್ದು ಉಪ್ಪು ಮಾತ್ರ ಇದ್ರೆ ಮಳೆಗಾಲದಲ್ಲಿ ನೆಲದಿಂದ ಏರಿದ ನೀರಿನ ಗುರುತು ಅದು, ಈಗ ಆರಿದೆ. ಮಾರ್ಚಲ್ಲೂ ಹಸಿ ಇದ್ರೆ ಪೈಪ್ ಮೇಲೆ ಸಂಶಯ ಪಡಿ. ಕಲೆಯ ಆಕಾರವೂ ಹೇಳುತ್ತೆ: ನೆಲದಿಂದ ಏರಿದ್ದು ಗೋಡೆಯುದ್ದಕ್ಕೂ ಹೆಚ್ಚುಕಮ್ಮಿ ಒಂದೇ ಎತ್ತರಕ್ಕೆ ಗೆರೆ ಬಿಡುತ್ತೆ, ಪೈಪ್ ಸೋರಿದ್ದು ಒಂದು ಕಡೆ ಮಚ್ಚೆಯಾಗಿ ಹರಡುತ್ತೆ. ನಲ್ಲಿಗಳನ್ನೆಲ್ಲ ಮುಚ್ಚಿ ನೀರಿನ ಮೀಟರ್ ರೀಡಿಂಗ್ ಬರೆದಿಟ್ಟು ಎರಡು ಗಂಟೆ ಬಿಟ್ಟು ನೋಡಿದ್ರೆ ಮೀಟರ್‌ನಿಂದ ಮನೆಗೆ ಬರೋ ಪೈಪಿನ ಸೋರಿಕೆ ಗೊತ್ತಾಗುತ್ತೆ. ಓವರ್‌ಹೆಡ್ ಟ್ಯಾಂಕಿಂದ ಇಳಿಯೋ ಪೈಪಿಗೆ ಇದು ಸಾಲದು. ರಾತ್ರಿ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿ.

ಅದೇ ಗೋಡೆಯ ಹೊರಗೆ ಹೋಗಿ. ಹೂಕುಂಡ, ಮಣ್ಣು, ಒಡೆದ ಇಟ್ಟಿಗೆ ರಾಶಿ ಪ್ಲಿಂತ್‌ಗಿಂತ (ಮನೆಯೊಳಗಿನ ನೆಲದ ಮಟ್ಟಕ್ಕಿಂತ) ಎತ್ತರಕ್ಕೆ ಬಂದಿರುತ್ತೆ, ನೂರಕ್ಕೆ ಎಂಬತ್ತು ಮನೇಲಿ ಇದೇ ಕಥೆ. ಪ್ಲಿಂತ್ ಮಟ್ಟಕ್ಕಿಂತ ಆರು ಇಂಚು ಕೆಳಗೆ ಮಣ್ಣು ತೆಗೆಸಿ, ಮೂರಡಿ ಅಗಲಕ್ಕೆ ಕಾಂಕ್ರೀಟ್ ಹಾಸಿ. ಇಳಿಜಾರು ಹೊರಕ್ಕೆ ಕನಿಷ್ಠ ಒಂದು ಇಂಚು ಇರಲಿ. ಇದನ್ನ ಮಾಡದೆ ಒಳಗೆ ಎಷ್ಟು ಕೆಮಿಕಲ್ ಬಳಿದ್ರೂ ಜುಲೈಗೆ ಮತ್ತೆ ಉಬ್ಬುತ್ತೆ.

ಒಳಗೆ: ಗೆರೆಗಿಂತ ಒಂದಡಿ ಮೇಲಿನ ತನಕ, ಅಂದ್ರೆ ಮೂರೂವರೆ ಅಡಿ ಎತ್ತರಕ್ಕೆ ಪ್ಲಾಸ್ಟರ್ ಪೂರ್ತಿ ಕೀಳಿಸಿ. ಇಟ್ಟಿಗೆ ಸಂದು ಅರ್ಧ ಇಂಚು ಕೆರೆಸಿ. ಉಪ್ಪನ್ನ ಒಣ ಬ್ರಷ್‌ನಲ್ಲೇ ತೆಗೀಬೇಕು; ನೀರು ಹಾಕಿ ತೊಳೆದ್ರೆ ಕರಗಿ ವಾಪಸ್ ಇಟ್ಟಿಗೆಯೊಳಗೇ ಹೋಗುತ್ತೆ. ಮೂರು ವಾರ ಕಿಟಕಿ ತೆಗೆದು, ಫ್ಯಾನ್ ಹಾಕಿ ಒಣಗೋಕೆ ಬಿಡಿ. ಆಮೇಲೆ ಸಿಮೆಂಟ್–ಮರಳು 1:4, 50 ಕೆ.ಜಿ. ಮೂಟೆಗೆ 200 ಮಿ.ಲೀ. ವಾಟರ್‌ಪ್ರೂಫ್ ದ್ರಾವಣ ಸೇರಿಸಿ ಪ್ಲಾಸ್ಟರ್. ಡಬ್ಬಿ ಮೇಲೆ ಬೇರೆ ಅಳತೆ ಇದ್ರೆ ಅದನ್ನೇ ಪಾಲಿಸಿ, "ಜಾಸ್ತಿ ಹಾಕಿದ್ರೆ ಗಟ್ಟಿ" ಅನ್ನೋ ಮೇಸ್ತ್ರಿ ಲೆಕ್ಕ ಬೇಡ. ಬೇಸಿಗೆ ಆದ್ದರಿಂದ ಏಳು ದಿನ, ದಿನಕ್ಕೆ ಮೂರು ಸಲ ನೀರು ಹೊಡೆಯಲೇಬೇಕು. ಇಲ್ಲಾಂದ್ರೆ ಕೂದಲೆಳೆ ಬಿರುಕು ಗ್ಯಾರಂಟಿ. ಅಲ್ಲಿಂದ ಬಣ್ಣಕ್ಕೆ ನಾಲ್ಕು ವಾರ ಬಿಡುವು.

ಲೆಕ್ಕ ಹಾಕಿದ್ರೆ ಈ ಗೋಡೆಗೆ ಬಣ್ಣ ಬೀಳೋದು ಮೇಗೆ. ಪರವಾಗಿಲ್ಲ. ಉಳಿದ ರೂಮಿಗೆ ಏಪ್ರಿಲ್‌ನಲ್ಲೇ ಬಣ್ಣ ಮುಗಿಸಿ ಮನೆ ತೋರಿಸೋಕೆ ಶುರು ಮಾಡಿ. ಈ ಗೋಡೆ ಪ್ಲಾಸ್ಟರ್‌ನಲ್ಲೇ ಇರಲಿ, ಏನು ಮಾಡ್ಸಿದ್ದೀರಿ ಅಂತ ಬಾಯಿಬಿಟ್ಟು ಹೇಳಿ. ಕೀಳಿಸಿದಾಗಿನ ಫೋಟೊ, ಸಾಮಾನಿನ ಬಿಲ್ಲು ಮೊಬೈಲಲ್ಲಿ ಇಟ್ಕೊಳ್ಳಿ. ಹೊಸ ಪುಟ್ಟಿಗಿಂತ ಆ ಫೋಟೊಗೆ ಬೆಲೆ ಜಾಸ್ತಿ.

ತಾರಸಿ ಅಡಿಯ ಕಂದು ಕಲೆಯನ್ನ ಸುತ್ತಿಗೆಯ ಹಿಡಿಯಲ್ಲಿ ತಟ್ಟಿ ನೋಡಿ. ಗಟ್ಟಿ ಸದ್ದು ಬಂದ್ರೆ ಬರೀ ಸೋರಿಕೆ. ಟೊಳ್ಳು ಸದ್ದು ಬಂದ್ರೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿದೆ: ಆ ಜಾಗ ಒಡೆದು, ಕಂಬಿಯನ್ನ ವೈರ್ ಬ್ರಷ್‌ನಲ್ಲಿ ಹೊಳೆಯೋ ತನಕ ಉಜ್ಜಿ, ತುಕ್ಕು ತಡೆಯೋ ಪ್ರೈಮರ್ ಹಚ್ಚಿ ಪಾಲಿಮರ್ ಮಾರ್ಟರ್ ತುಂಬಬೇಕು. ಮೇಲ್ಗಡೆ ಬಿರುಕನ್ನ 10 ಎಂ.ಎಂ. ವಿ-ಆಕಾರದಲ್ಲಿ ಕೊರೆದು ಅದೇ ಮಾರ್ಟರ್ ತುಂಬಿ, ನೆಟ್ ಹಾಸಿ ಎರಡು ಕೋಟ್ ಅಕ್ರಿಲಿಕ್ ವಾಟರ್‌ಪ್ರೂಫಿಂಗ್. ಎರಡನೇ ಕೋಟ್ ಮೊದಲನೆಯದಕ್ಕೆ ಅಡ್ಡಡ್ಡ ಹೋಗ್ಬೇಕು. ಮಧ್ಯಾಹ್ನ ಕೆಲಸ ಮಾಡ್ಸಬೇಡಿ, ಕಾದ ತಾರಸಿ ಮೇಲೆ ಕೋಟ್ ತಕ್ಷಣ ಒಣಗಿ ಗುಳ್ಳೆ ಏಳುತ್ತೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ನಾಲ್ಕೂವರೆ ಮೇಲೆ. ನೀರು ನಿಲ್ಲಿಸಿ ಪರೀಕ್ಷೆ ಮಾಡೋದಾದ್ರೆ ಏಳು ದಿನ ಕಳೆದ ಮೇಲೆ. 1000 ಚದರಡಿಗೆ ಒಂದು ಇಂಚು ನಿಲ್ಲಿಸೋಕೆ 2,360 ಲೀಟರ್ ಬೇಕು, ಬೇಸಿಗೇಲಿ ಅಷ್ಟು ನೀರಿಲ್ಲದಿದ್ರೆ ಬಿರುಕಿನ ಸುತ್ತ ಮಾತ್ರ ಗಾರೆ ಕಟ್ಟೆ ಕಟ್ಟಿ ನಿಲ್ಲಿಸಿ.

---

ಹೆಂಚಿನ_ಮಾಡು

ಅಡುಗೆಮನೆ ಕತ್ತಲೆಗೆ ಅಗ್ಗದ ಮದ್ದು ಗಾಜಿನ ಹೆಂಚು. ಒಲೆಯ ಮೇಲೆ ಬರದ ಹಾಗೆ, ನಿಂತು ಕೆಲಸ ಮಾಡೋ ಜಾಗಕ್ಕೆ ಎರಡು ಸಾಕು. ನಾಲ್ಕು ಹಾಕಿದ್ರೆ ಏಪ್ರಿಲ್ ಮಧ್ಯಾಹ್ನ ಒಳಗೆ ನಿಲ್ಲೋಕಾಗಲ್ಲ, ಕೊಳ್ಳೋರೂ ಅದೇ ಹೊತ್ತಿಗೆ ಬರ್ತಾರೆ.

ಹೆಂಚು ಕೊಳ್ಳೋಕೆ ಹೋಗುವಾಗ ಹಳೇ ಹೆಂಚು ಒಂದನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ಥರ, ಅರ್ಧ ಇಂಚು ಹೆಚ್ಚುಕಮ್ಮಿ ಆದ್ರೂ ಕಚ್ಚು ಕೂರಲ್ಲ, ಮಳೆ ನೀರು ಗಾಳಿಗೆ ಸಂದಲ್ಲಿ ಹಿಂದಕ್ಕೆ ನುಗ್ಗುತ್ತೆ. 100 ಚದರಡಿಗೆ 140ರಿಂದ 150 ಹೆಂಚು ಹಿಡಿಯುತ್ತೆ. ಪೂರ್ತಿ ಬದಲಾಯಿಸೋದು ದಂಡ. ಇಳಿಸಿ, ಪಾಚಿ ಉಜ್ಜಿ, ಒಡೆದದ್ದನ್ನ ಮಾತ್ರ ಬದಲಿಸಿ. ಇಳಿಸಿದಾಗಲೇ ರೀಪು, ಪಕಾಸಿಗಳನ್ನ (ಹೆಂಚು ಹೊರೋ ಮರದ ಪಟ್ಟಿ, ತೊಲೆಗಳನ್ನ) ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗಿಳಿದ್ರೆ ಆ ಮರ ಹೋಯ್ತು. ನೆತ್ತಿಯ ಹೆಂಚಿನ ಹಳೇ ಗಾರೆಯನ್ನ ಪೂರ್ತಿ ತೆಗೆದು ಹೊಸದು ಹಾಕ್ಬೇಕು, ಹಳೇದರ ಮೇಲೆ ತೇಪೆ ಹಾಕಿದ್ರೆ ಒಂದೇ ಮಳೆಗಾಲ.

ಮಾರ್ಚ್ ಕೊನೆಯೊಳಗೆ ಈ ಕೆಲಸ ಮುಗಿಸಿ. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬಂತು ಅಂದ್ರೆ ನಿಮಗೆ ಬಿಟ್ಟಿ ಪರೀಕ್ಷೆ, ಎಲ್ಲಿ ತೊಟ್ಟಿಕ್ಕಿತೋ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಅದು ತಪ್ಪಿದ್ರೂ ಅಶ್ವಿನಿ, ಭರಣಿ ಮಳೆ ಇವೆ. ಇಳಿಸಿದ ಹೆಂಚು ಅಂಗಳದಲ್ಲಿರುವಾಗ ಮಳೆ ಬರಬಾರದು ಅಷ್ಟೆ.

ಗೆದ್ದಲಿಗೆ: ಗೋಡೆ–ನೆಲ ಸೇರುವಲ್ಲಿ ಒಂದಡಿಗೊಂದು 12 ಎಂ.ಎಂ. ರಂಧ್ರ, ಓರೆಯಾಗಿ. ಇಮಿಡಾಕ್ಲೋಪ್ರಿಡ್ 30.5% ಎಸ್‌ಸಿ, ಲೀಟರ್ ನೀರಿಗೆ 2.1 ಮಿ.ಲೀ., ರಂಧ್ರಕ್ಕೆ ಸುಮಾರು ಒಂದು ಲೀಟರ್ ಇಳಿಸಿ ವೈಟ್ ಸಿಮೆಂಟ್‌ನಿಂದ ಮುಚ್ಚಿ. ಹಿತ್ತಲಲ್ಲಿ ಬಾವಿ ಇದ್ರೆ ಆ ಪಕ್ಕಕ್ಕೆ ಈ ಔಷಧಿ ಬೇಡವೇ ಬೇಡ. ಟೊಳ್ಳಾದ ಚೌಕಟ್ಟನ್ನ ಬಣ್ಣದಲ್ಲಿ ಮುಚ್ಚದೆ ಬದಲಾಯಿಸಿ.

---

ಮಲ್ಲಂದೂರು_ರಸ್ತೆ

ಇಬ್ಬರಿಗೂ ಧನ್ಯವಾದ. ಪಾಲಿಥಿನ್ ಇವತ್ತೇ ಅಂಟಿಸ್ತೀನಿ. ಹಾಗಾದ್ರೆ ಹಾಲ್‌ಗೆ ಟೈಲ್ಸ್ ಬೇಡ್ವಾ? ಇನ್ನೊಂದು: ತಂದೆ ತೀರಿಕೊಂಡಿದ್ದಾರೆ, ಖಾತೆ ಇನ್ನೂ ಅವರ ಹೆಸರಲ್ಲೇ ಇದೆ. ತಾಯಿ, ನಾನು, ಮದುವೆಯಾದ ತಂಗಿ. ಗಿರಾಕಿ ಸಿಕ್ಕ ಮೇಲೆ ಮಾಡ್ಸಿದ್ರೆ ಆಗುತ್ತಾ?

---

ಹಾಸನ_ದಸ್ತಾವೇಜು

ಆಗಲ್ಲ. ಗಾರೆ ಕೆಲಸಕ್ಕಿಂತ ಮೊದಲು ಇದನ್ನ ಹಿಡೀರಿ, ನಿಮ್ಮ ಆಷಾಢದ ಗಡುವು ತಪ್ಪೋದು ಇಲ್ಲೇ.

ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಇವೆರಡನ್ನ ಹಿಡಿದು ವಾರಸಾ ಖಾತೆಗೆ (ಖಾತೆ ವಾರಸುದಾರರ ಹೆಸರಿಗೆ ಬರೋಕೆ) ಅರ್ಜಿ ಹಾಕಿ. ಅದರ ಜೊತೆಗೇ ಇ-ಖಾತಾ (ಕಂಪ್ಯೂಟರ್ ದಾಖಲೆಯ ಖಾತೆ) ಆಗ್ಬೇಕು. ಈಗ ಇ-ಖಾತಾ ಇಲ್ಲದೆ ಪಟ್ಟಣದ ಆಸ್ತಿ ನೋಂದಣಿಯೇ ಆಗಲ್ಲ. ತಂದೆಯ ಹಳೇ ಕ್ರಯಪತ್ರದಲ್ಲಿರೋ ಸೈಟಿನ ಅಳತೆ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ಹೆಸರಿನ ಇನಿಶಿಯಲ್ ಇ-ಖಾತಾದಲ್ಲೂ ಅಕ್ಷರಶಃ ಒಂದೇ ಇರಬೇಕು. ಬಹಳ ಅರ್ಜಿ ನಿಲ್ಲೋದು ಆಧಾರ್‌ನಲ್ಲೊಂದು ಹೆಸರು, ಪತ್ರದಲ್ಲೊಂದು ಹೆಸರು ಇರೋದ್ರಿಂದ.

ತಂಗಿಗೆ ಸಮಪಾಲು. ಕ್ರಯಪತ್ರಕ್ಕೆ ಮೂವರೂ ಸಹಿ ಹಾಕ್ಬೇಕು, ಇಲ್ಲಾಂದ್ರೆ ಮೊದಲೇ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡ್ಸಬೇಕು. "ಬಾಯಿ ಮಾತಲ್ಲಿ ಒಪ್ಪಿದ್ದಾಳೆ" ಅನ್ನೋದನ್ನ ಯಾವ ಬ್ಯಾಂಕೂ ಕೇಳಲ್ಲ. ಇ.ಸಿ. (ಆಸ್ತಿ ಮೇಲಿನ ಋಣಭಾರ ಪ್ರಮಾಣಪತ್ರ) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರ ಏಪ್ರಿಲ್‌ನಿಂದ ಈಚೆಗೆ ಸಿಗುತ್ತೆ. ಸಾಲ ತಗೊಂಡು ಕೊಳ್ಳೋರ ಬ್ಯಾಂಕ್ 30 ವರ್ಷದ್ದು ಕೇಳಬಹುದು, ಹಳೇದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಈಗಲೇ ಅರ್ಜಿ ಕೊಡಿ. ಆಸ್ತಿ ತೆರಿಗೆಯನ್ನ ಏಪ್ರಿಲ್‌ನಲ್ಲೇ ಕಟ್ಟಿದ್ರೆ 5% ರಿಯಾಯಿತಿ, ಕೊಳ್ಳೋರಿಗೆ ತೋರಿಸೋಕೆ ಹೊಸ ರಸೀದಿಯೂ ಆಯ್ತು. ಮೆಸ್ಕಾಂ ಮೀಟರ್, ನೀರಿನ ಸಂಪರ್ಕದ ಬಾಕಿ ಏನಿದ್ರೂ ತೀರಿಸಿ.

ದುಡ್ಡಿನ ವಿಚಾರ. ಕೊಳ್ಳೋರಿಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್–ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ 1%ರಿಂದ 2%ಗೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು 7.6% ಬೀಳುತ್ತೆ. ಚೌಕಾಸಿಗೆ ಕೂರೋ ಮುಂಚೆ ಅವರ ಜೇಬಿನ ಈ ಲೆಕ್ಕ ನಿಮ್ಮ ತಲೇಲಿರಲಿ. ಬೆಲೆ 50 ಲಕ್ಷ ಅಥವಾ ಮೇಲಾದ್ರೆ ಅವರು 1% ಟಿಡಿಎಸ್ (ಮೊದಲೇ ಕಡಿತವಾಗೋ ಆದಾಯ ತೆರಿಗೆ) ಹಿಡಿದೇ ಕೊಡ್ತಾರೆ. ಮುಂಗಡ 20,000 ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ತಗೋಬೇಡಿ, ದಂಡ ಬೀಳೋದು ತಗೊಂಡವರಿಗೆ. ಕೊಳ್ಳೋರಿಗೆ ಸಾಮಾನ್ಯ ಎಚ್ಚರದಲ್ಲಿ ಕಾಣದ, ನಿಮಗೆ ಗೊತ್ತಿರೋ ದೊಡ್ಡ ದೋಷವನ್ನ ಹೇಳೋದು ಮಾರೋರ ಹೊಣೆ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತೆ. ಪುಟ್ಟಿ ಎಳೆದು ಮುಚ್ಚಿ ಅನ್ನೋ ಬ್ರೋಕರ್‌ಗೆ ಇದನ್ನ ಓದಿ ಹೇಳಿ.

---

ಯಗಚಿ_ನೀರು

ಟೈಲ್ಸ್ ಬೇಡ. ರೆಡ್ ಆಕ್ಸೈಡ್ ನೆಲ ಬೇಕು ಅಂತಲೇ ಹುಡುಕೋರು ಈಗ ಇದ್ದಾರೆ, ಬೇಡದವರು ತಮಗೆ ಬೇಕಾದ ಟೈಲ್ಸ್ ತಾವೇ ಹಾಕಿಸ್ಕೊತಾರೆ. ಆಸಿಡ್ ಹಾಕಿ ಮಾತ್ರ ತೊಳೀಬೇಡಿ, ಸಿಮೆಂಟ್ ಮೈಯನ್ನೇ ತಿನ್ನುತ್ತೆ. ಸೋಪಿನ ನೀರಲ್ಲಿ ಉಜ್ಜಿ, ಎರಡು ದಿನ ಒಣಗಿಸಿ, ಕೆಂಪು ವ್ಯಾಕ್ಸ್ ಪಾಲಿಶ್ ತೆಳ್ಳಗೆ. ಬಿರುಕಿಗೆ ಸಿಮೆಂಟ್ ಜೊತೆ ಅದರ ತೂಕದ 10% ಮೀರದಷ್ಟು ಕೆಂಪು ಪುಡಿ. ಮೊದಲು ಮೂಲೆಯಲ್ಲಿ ಸ್ವಲ್ಪ ಹಾಕಿ, ಒಣಗಿದ ಮೇಲೆ ಬಣ್ಣ ಹೊಂದುತ್ತಾ ನೋಡಿ. ಹಸಿ ಇದ್ದಾಗ ಕಾಣೋ ಬಣ್ಣವನ್ನ ನಂಬಬೇಡಿ.

ಬೇಸಿಗೇಲಿ ಬರೋರು ಗೋಡೆ ಬಿಟ್ರೆ ಕೇಳೋದು ನೀರು. ಬೋರ್ ಇದ್ರೆ 1000 ಲೀಟರ್ ಟ್ಯಾಂಕ್ ತುಂಬೋಕೆ ಎಷ್ಟು ನಿಮಿಷ ಅಂತ ಏಪ್ರಿಲ್‌ನಲ್ಲಿ ಅಳೆದು ಹೇಳಿ. ಸಂಪ್ ತೊಳೆಸಿಡಿ, ಮುಚ್ಚಳ ಎತ್ತಿ ನೋಡೇ ನೋಡ್ತಾರೆ.

ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಇಲ್ಲಾ ಸಂಜೆ ಐದರ ಮೇಲೆ ಕರೀರಿ. ಒಂದು ಗಂಟೆ ಮುಂಚೆ ಕಿಟಕಿ, ಕಪಾಟು, ಅಟ್ಟದ ಬಾಗಿಲು ಎಲ್ಲ ತೆಗೆದಿಡಿ. ಕಂಬಳಿ, ಹಳೇ ಹಾಸಿಗೆ ಮುಂಚೆಯೇ ಸಾಗಿಸಿ, ಮುಗ್ಗಲು ವಾಸನೆ ಅರ್ಧ ಅದರದ್ದೇ. ರೂಮ್ ಫ್ರೆಶ್ನರ್ ಹೊಡೀಬೇಡಿ, ಏನೋ ಮುಚ್ತಿದ್ದಾರೆ ಅನ್ಸುತ್ತೆ.

---

ಗಾರೆ_ಗೋಡೆ

ಒಂದು ಮಾತು ಬಿಟ್ಟಿದ್ದೆ. ಪ್ಲಾಸ್ಟರ್ ಕಿತ್ತಾಗ ಇಟ್ಟಿಗೆ ಸಂದಲ್ಲಿ ಸಿಮೆಂಟ್ ಬದಲು ಕೆಂಪು ಮಣ್ಣು ಕಂಡ್ರೆ ಮೇಲೆ ಹೇಳಿದ 1:4 ಸಿಮೆಂಟ್ ಹಾಕಬೇಡಿ. ಮಣ್ಣಿನ ಗೋಡೆಗೆ ಸಿಮೆಂಟ್ ಬಿಗಿ ಹೊದಿಕೆ ಆಗುತ್ತೆ, ತೇವ ಹೊರಬರೋಕೆ ದಾರಿ ಇಲ್ಲದೆ ಇನ್ನೂ ಮೇಲಕ್ಕೇರಿ ನಾಲ್ಕಡಿ ಹತ್ತಿರ ಒಡೆಯುತ್ತೆ. ಸುಣ್ಣ–ಮರಳು 1:3 ಗಾರೆ, ಅದರ ಮೇಲೆ ಪುಟ್ಟಿ ಇಲ್ಲದೆ ಬರೀ ಸುಣ್ಣದ ಬಣ್ಣ. ಸುಣ್ಣದ ಗಾರೆ ಗಟ್ಟಿಯಾಗೋದು ನಿಧಾನ, ಹಾಗಾಗಿ ಕೀಳೋ ಕೆಲಸ ಈ ವಾರವೇ ಆಗ್ಲಿ. ಕಿತ್ತ ಮೇಲೆ ಒಂದು ಫೋಟೊ ಇಲ್ಲಿ ಹಾಕಿ, ಸಂದು ಕಾಣೋ ಹಾಗೆ ಹತ್ತಿರದಿಂದ.