ಥ್ರಾಟಲ್ ಕೊಟ್ಟರೆ ಮೂತಿ ಮೇಲೆ, ಬಿಟ್ಟರೆ ಕೆಳಗೆ: ಸನ್‌ಪ್ಯಾಕ್ ವಿಮಾನಕ್ಕೆ ಏನು ಮದ್ದು?

ಪೆರ್ಲದ ಹಕ್ಕಿ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕಟ್ಟಿದ ನನ್ನ ಮೊದಲ ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನ ಇದು. ಹಳೇ ಬ್ಯಾನರಿನ ಸನ್‌ಪ್ಯಾಕ್ ಶೀಟಿನಿಂದ (ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ಹಾಳೆ) ಮಾಡಿದ ಟ್ರೈನರ್, ಅಂದರೆ ಕಲಿಯುವವರ ವಿಮಾನ. ರೆಕ್ಕೆ ದೇಹದ ಮೇಲೆ ಕೂರುತ್ತದೆ. ಉದ್ದ 120 ಸೆಂ.ಮೀ, ಅಗಲ 20. ಮೋಟಾರ್ 2212 ಸೈಜಿನದು, 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು). ಬ್ಯಾಟರಿ 3ಎಸ್ (ಮೂರು ಸೆಲ್ಲಿನದು), 2200 ಎಂಎಎಚ್. ಒಟ್ಟು ತೂಕ 920 ಗ್ರಾಂ.

ಭಾನುವಾರ ಬೆಳಿಗ್ಗೆ ಬಾಯಾರು ಪದವಿನಲ್ಲಿ (ಗುಡ್ಡದ ಮೇಲಿನ ಬಯಲು) ಹಾರಿಸಿದೆ. ಫುಲ್ ಥ್ರಾಟಲ್ ಕೊಟ್ಟರೆ ಮೂತಿ ಎತ್ತಿ ಎಡಕ್ಕೆ ವಾಲುತ್ತದೆ. ಥ್ರಾಟಲ್ ಬಿಟ್ಟ ಕೂಡಲೇ ಕಲ್ಲು ಬಿದ್ದ ಹಾಗೆ ಇಳಿಯುತ್ತದೆ. ಎಲಿವೇಟರಿಗೆ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಸಾಕಷ್ಟು ಅಪ್ ಟ್ರಿಮ್ ಕೊಟ್ಟಿದ್ದೇನೆ, ಅಂದರೆ ಸ್ಟಿಕ್ ಮುಟ್ಟದಿದ್ದರೂ ಅದು ಮೇಲಕ್ಕೇ ಬಾಗಿರುತ್ತದೆ. ಹಿಂಭಾರಕ್ಕಿಂತ ಮುಂಭಾರ ವಾಸಿ ಅಂತ ಎಲ್ಲರೂ ಹೇಳ್ತಾರಲ್ಲ, ಅದಕ್ಕೆ ಮೀನು ಬಲೆಯ ಸೀಸದ ಗುಂಡು 40 ಗ್ರಾಂ ಮೋಟಾರಿನ ಹತ್ತಿರ ಅಂಟಿಸಿದ್ದೇನೆ. ಕೊನೆಗೆ ಪಕ್ಕದ ತೋಟದ ಅಡಿಕೆ ಮರದ ತಲೆಯಲ್ಲಿ ಹೋಗಿ ಕೂತಿತು. ದೋಟಿ ತಂದು ಇಳಿಸಬೇಕಾಯಿತು. ನೋಡಲು ಬಂದವರಿಗೆ ಹಾರಾಟಕ್ಕಿಂತ ಅದೇ ಖುಷಿ.

ಕುಂಬಳೆ ಥ್ರಾಟಲ್:
ಸುಲಭ. ರಿಮೋಟಿನಲ್ಲಿ ಮಿಕ್ಸ್ ಹಾಕಿ. ಥ್ರಾಟಲ್ ಏರಿದ ಹಾಗೆ ಎಲಿವೇಟರ್ ತಾನಾಗಿ ಡೌನ್ ಆಗಲಿ.

ಪದವಿನ ಮಾಷ್ಟ್ರು:
ಮಿಕ್ಸ್ ಈಗಲೇ ಬೇಡ ಮಾರಾಯ್ರೇ. ಜ್ವರ ಇಳಿಸದೆ ಥರ್ಮಾಮೀಟರ್ ಒರೆಸಿದ ಹಾಗಾಗ್ತದೆ ಅಷ್ಟೆ. ಮೊದಲು ಒಂದು ಪ್ರಶ್ನೆ. ಸಿಜಿ (ವಿಮಾನ ಸಮತೂಕದಲ್ಲಿ ನಿಲ್ಲುವ ಜಾಗ) ನೋಡುವಾಗ ಬ್ಯಾಟರಿ ಒಳಗಿತ್ತಾ?

ಪೆರ್ಲದ ಹಕ್ಕಿ:
ಇಲ್ಲ ಮಾಷ್ಟ್ರೇ. ಖಾಲಿ ಇರುವಾಗ ರೆಕ್ಕೆಯ ಎದುರಂಚಿನಿಂದ 5.5 ಸೆಂ.ಮೀ ಹಿಂದೆ ಸರಿಯಾಗಿ ನಿಂತಿತ್ತು. ಈಗ ಬ್ಯಾಟರಿ ಹಾಕಿ ಎರಡು ಬೆರಳಿನ ಮೇಲೆ ಇಟ್ಟು ನೋಡಿದೆ. 3.5ಕ್ಕೆ ಬಂದಿದೆ!

ಪದವಿನ ಮಾಷ್ಟ್ರು:
ಅದೇ ನೋಡಿ. ಇಂಥ ರೆಕ್ಕೆಗೆ ಸಿಜಿ ಅಗಲದ 25ರಿಂದ 30 ಶೇಕಡಾದಲ್ಲಿರಬೇಕು. ಅಂದರೆ ನಿಮ್ಮದಕ್ಕೆ 5ರಿಂದ 6 ಸೆಂ.ಮೀ. ಹಾರುವಾಗ ಇರುವುದೆಲ್ಲ ಒಳಗಿಟ್ಟೇ ಅಳೆಯಬೇಕು.

ಈಗ ಮೂತಿ ಭಾರ. ಅದನ್ನು ಎತ್ತಿ ಹಿಡಿಯಲು ನೀವು ಅಪ್ ಟ್ರಿಮ್ ಕೊಟ್ಟಿರಿ. ಆದರೆ ವೇಗ ಎರಡು ಪಟ್ಟಾದರೆ ಎಲಿವೇಟರಿನ ಬಲ ನಾಲ್ಕು ಪಟ್ಟಾಗ್ತದೆ. ಜೊತೆಗೆ ಪ್ರೊಪೆಲ್ಲರಿನ ಗಾಳಿಯೂ ಬಾಲಕ್ಕೆ ಬಡಿಯುತ್ತದೆ. ಹಾಗಾಗಿ ಥ್ರಾಟಲ್ ಕೊಟ್ಟಾಗ ಮೂತಿ ಏಳುತ್ತದೆ. ಬಿಟ್ಟಾಗ ಬಲ ಹೋಗಿ ಭಾರ ಗೆಲ್ಲುತ್ತದೆ.

ಸೀಸ ಕಿತ್ತು ಹಾಕಿ. ಬ್ಯಾಟರಿಯನ್ನು 4 ಸೆಂ.ಮೀ ಹಿಂದೆ, ರೆಕ್ಕೆಯ ಕಡೆಗೆ ಸರಿಸಿ. ಟ್ರಿಮ್ ಸೊನ್ನೆಗೆ ತನ್ನಿ. ಮೂತಿ ಮತ್ತು ಬಾಲ ಹಿಡಿದು ಎತ್ತಿ, ಯಾವುದಾದರೂ ರೆಕ್ಕೆ ಕೆಳಗೆ ಹೋಗ್ತದಾ ಅಂತಲೂ ನೋಡಿ. ಆಮೇಲೆ ಮುಳಿಹುಲ್ಲು ಇರುವ ಕಡೆ ಮೋಟಾರ್ ಓಡಿಸದೆ ನೆಟ್ಟಗೆ ಎಸೆದು, ತೇಲಿ ಇಳಿಯುತ್ತದಾ ನೋಡಿ. ಮುರಕಲ್ಲಿನ ಮೇಲೆ ಮಾತ್ರ ಬೇಡ, ಹೊಟ್ಟೆ ಸೀಳುತ್ತದೆ. ಕಡಲ ಗಾಳಿ ಏಳುವ ಮೊದಲೇ, ಬೆಳಿಗ್ಗೆಯೇ ಮಾಡಿ.

ಹಾರಿದ ಮೇಲೆ ಎತ್ತರಕ್ಕೆ ಹೋಗಿ, ಥ್ರಾಟಲ್ ಇಳಿಸಿ, ಸ್ವಲ್ಪ ಡೈವ್ ಕೊಟ್ಟು ಸ್ಟಿಕ್ ಬಿಡಿ. ತಟಕ್ಕನೆ ಮೇಲೆದ್ದರೆ ಮೂತಿ ಇನ್ನೂ ಭಾರ. ಡೈವ್ ಜಾಸ್ತಿಯಾಗುತ್ತಾ ಹೋದರೆ ಬಾಲ ಭಾರ, ಕೂಡಲೇ ಎತ್ತಿ.

ಎಡಕ್ಕೆ ವಾಲುವುದು ಬೇರೆ ವಿಷಯ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನಂತೆ ತಿರುಗಿದರೆ ವಿಮಾನ ಎಡಕ್ಕೆ ಎಳೆಯುವುದು ಸಹಜ. ಅದನ್ನು ಕೊನೆಗೆ ನೋಡುವ. ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲದಿದ್ದರೆ ಯಾವುದು ಸರಿಮಾಡಿತು ಅಂತಲೇ ಗೊತ್ತಾಗುವುದಿಲ್ಲ.

ಪೆರ್ಲದ ಹಕ್ಕಿ:
ಇವತ್ತು ಹಾರಿಸಿದೆ. ಸಿಜಿ ಈಗ 5.2. ಅರ್ಧ ಥ್ರಾಟಲಿನಲ್ಲಿ ಕೈ ಬಿಟ್ಟರೂ ನೆಟ್ಟಗೆ ಹೋಗ್ತದೆ! ಥ್ರಾಟಲ್ ತೆಗೆದರೆ ಮೆಲ್ಲ ತೇಲಿ ಇಳಿಯುತ್ತದೆ. ಫುಲ್ ಕೊಟ್ಟಾಗ ಸ್ವಲ್ಪ ಮೂತಿ ಎತ್ತುತ್ತದೆ, ಎಡಕ್ಕೂ ಎಳೆಯುತ್ತದೆ. ಈಗ ಮಿಕ್ಸಾ?

ಪದವಿನ ಮಾಷ್ಟ್ರು:
ಈಗ ವಾಷರ್. ಮೋಟಾರ್ ಕೂರುವ ಪ್ಲೈವುಡ್ ಹಲಗೆಗೂ ಮೋಟಾರಿನ ಮೌಂಟಿಗೂ (ಸ್ಕ್ರೂ ಹಾಕುವ ಕಾಲು) ನಡುವೆ, ಎಡಬದಿಯ ಸ್ಕ್ರೂಗಳಿಗೆ 1 ಮಿ.ಮೀ ವಾಷರ್ ಹಾಕಿ. ಎಡ ಅಂದರೆ ವಿಮಾನದ ಹಿಂದೆ ನಿಂತು ನೋಡಿದ ಎಡ. ಸ್ಕ್ರೂಗಳ ನಡುವೆ 25 ಮಿ.ಮೀ ಇದ್ದರೆ ಮೋಟಾರ್ ಎರಡು ಡಿಗ್ರಿಗಿಂತ ಚೂರು ಜಾಸ್ತಿ ಬಲಕ್ಕೆ ತಿರುಗುತ್ತದೆ. ಒಮ್ಮೆ ಹಾರಿಸಿ. ಆಮೇಲೂ ಮೂತಿ ಎತ್ತಿದರೆ ಮೇಲಿನ ಸ್ಕ್ರೂಗಳಿಗೂ ಹಾಗೇ ಮಾಡಿ, ಆಗ ಮೋಟಾರ್ ಕೆಳಗೆ ನೋಡುತ್ತದೆ. ಬಿಚ್ಚುವ ಮೊದಲು ಬ್ಯಾಟರಿ ತೆಗೆಯಿರಿ. ನನ್ನ ಹೆಬ್ಬೆರಳಿನಲ್ಲಿ ಗುರುತು ಇನ್ನೂ ಇದೆ.

ಪೆರ್ಲದ ಹಕ್ಕಿ:
ಸರಿ ಮಾಷ್ಟ್ರೇ. ಬರುವ ಭಾನುವಾರ ಪದವಿಗೆ ನೀವೂ ಬನ್ನಿ. ದೋಟಿ ನಾನೇ ತರ್ತೇನೆ.